ಪ್ಲೇಟಿನ ಅಂಚಿನಲ್ಲಿ ಕೂತ ಹೆಂಗಸು: ಕೊಪ್ಪಳ ಸೀಮೆಯ ಫೋಟೋ ಸಂಗ್ರಹದ ಒಂದು ಪ್ರಕರಣ

ಇದು ಒಂದೇ ಒಂದು ಗಾಜಿನ ನೆಗೆಟಿವ್‌ನ ಕಥೆ. ಫೋಟೋ ಮೂಡಿಸುವ ಆ ಗಾಜಿಗೇ ‘ಪ್ಲೇಟು’ ಅನ್ನುತ್ತಾರೆ. ಕೊಪ್ಪಳ ಜಿಲ್ಲೆಯ ಒಂದು ಸಣ್ಣ ಮ್ಯೂಸಿಯಂನಲ್ಲಿ ಹಳೇ ಫೋಟೋಗಳ ಪಟ್ಟಿ ಮಾಡುವ ಕೆಲಸದಲ್ಲಿ ನಾನಿದ್ದೆ. ಆಗ ಒಂದು ಚಿತ್ರವನ್ನು ಓದುವಾಗ ನಾವು ಮೂರು ತಪ್ಪು ಮಾಡಿದೆವು. ಆ ತಪ್ಪುಗಳಿಂದಾಗಿ ವಯಸ್ಸಾದ ಒಬ್ಬ ತಾಯಿ, ಫೋಟೋದಲ್ಲಿ ತನ್ನ ಅವ್ವನನ್ನು ಗುರುತಿಸಿಯೂ, ‘ಅಲ್ಲ, ಇವಳಲ್ಲ’ ಅಂತ ಹೇಳಿ ಎದ್ದು ಹೋದರು. ಇಂಥ ಸಂಗ್ರಹದ ಕೆಲಸ ಈಗ ಬೇರೆ ಊರುಗಳಲ್ಲೂ ನಡೆಯುತ್ತಿದೆ. ಹಾಗಾಗಿ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ. ಊರು, ಮ್ಯೂಸಿಯಂ, ಸ್ಟುಡಿಯೋ, ಮನೆತನ ಯಾವುದರ ಹೆಸರೂ ಇಲ್ಲಿಲ್ಲ. ಪ್ಲೇಟಿನ ಕ್ರಮಸಂಖ್ಯೆ ಬದಲಿಸಿದ್ದೇನೆ. ಉಳಿದದ್ದೆಲ್ಲ ಇದ್ದ ಹಾಗೇ ಇದೆ.

ಹಿನ್ನೆಲೆ

ನಮ್ಮ ಕಡೆಯ ಹಳೇ ಫೋಟೋ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಹಂಪಿ. 1856ರಲ್ಲೇ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ನಲ್ಲಿ ಅಲ್ಲಿನ ಗುಡಿ, ಗೋಪುರ, ಮಂಟಪಗಳನ್ನು ತೆಗೆದಿದ್ದ. ಅಂಥ ಕಾಗದಕ್ಕೆ ಬಹಳ ಹೊತ್ತು ಬೆಳಕು ಬೀಳಬೇಕು. ಓಡಾಡುವ ಮನುಷ್ಯ ಅದರಲ್ಲಿ ಮೂಡುವುದೇ ಕಷ್ಟ. 1876-78ರ ಬರಗಾಲದಲ್ಲಿ ಮದ್ರಾಸ್ ಪ್ರಾಂತ್ಯದ ಹಸಿದ ಜನರ ಫೋಟೋಗಳನ್ನು ಹೂಪರ್ ಎಂಬ ಇನ್ನೊಬ್ಬ ಅಧಿಕಾರಿ ತೆಗೆದ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು, ಬರದ ಪೆಟ್ಟನ್ನೂ ಚೆನ್ನಾಗಿಯೇ ತಿಂದಿತ್ತು. ಈ ಕಡೆ ರಾಯಚೂರು, ಕೊಪ್ಪಳ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಲ್ಲಿ ನಿಜಾಮರ ದರ್ಬಾರಿಗೆ ರಾಜಾ ದೀನ್ ದಯಾಳ್ ಫೋಟೋಗ್ರಾಫರ್ ಆಗಿದ್ದರು.

ಅಂದರೆ ನಮಗೆ ಉಳಿದದ್ದು ಕಲ್ಲು, ಹಸಿವು, ದರ್ಬಾರು. ಸಂತೆಗೆ ಹೋಗಿ ಬಂದವರು, ರೊಟ್ಟಿ ಬಡಿದವರು, ಕೂಸಿಗೆ ಜೋಳಿಗೆ ಕಟ್ಟಿ ಹೊಲಕ್ಕೆ ಹೋದವರು ಎಲ್ಲಿ ಸಿಗುತ್ತಾರೆ? ಪೇಟೆಯ ಸಣ್ಣ ಸ್ಟುಡಿಯೋಗಳ ಟ್ರಂಕಿನಲ್ಲಿ. ಅವೂ ಬಹಳ ಉಳಿದಿಲ್ಲ. ಗಾಜಿಗೆ ಬೆಲೆ ಇತ್ತು. ಬಿಸಿನೀರು, ಸೋಡಾ ಹಾಕಿ ಚಿತ್ರ ತಿಕ್ಕಿ ತೆಗೆದು, ಅದೇ ಗಾಜನ್ನು ದೇವರ ಪಟಕ್ಕೆ ಫ್ರೇಮ್ ಹಾಕುತ್ತಿದ್ದರು. ನಮಗೆ ಪ್ಲೇಟು ಕೊಟ್ಟ ಮನೆಯವರೇ ಅದನ್ನು ಹೇಳಿದರು. ಅವರ ಜಗುಲಿಯ ಮೇಲಿನ ಲಕ್ಷ್ಮಿ ಪಟದ ಗಾಜಿನ ಮೂಲೆಯಲ್ಲಿ ಇನ್ನೂ ಒಂದು ಪೇಟದ ತುದಿ ಕಾಣುತ್ತದೆ. ಪೂರ್ತಿ ತಿಕ್ಕಿರಲಿಲ್ಲ.

ಉಳಿದ ಎರಡು ಟ್ರಂಕು ಮ್ಯೂಸಿಯಂಗೆ ಬಂದವು. ಮುನ್ನೂರಕ್ಕೂ ಸ್ವಲ್ಪ ಜಾಸ್ತಿ ಪ್ಲೇಟು. ಹೆಚ್ಚಿನವು ಹಾಫ್ ಪ್ಲೇಟ್, ಅಂದರೆ ಸುಮಾರು ನಾಲ್ಕೂಮುಕ್ಕಾಲು ಇಂಚು ಅಗಲ, ಆರೂವರೆ ಇಂಚು ಉದ್ದ. ಒಂದರ ಮೇಲೊಂದು ಮಲಗಿಸಿ ಇಟ್ಟಿದ್ದರಿಂದ ಕೆಳಗಿನವು ಭಾರಕ್ಕೆ ಸೀಳಿದ್ದವು. ಒರೆಸಲು ಹೋಗದೆ ಬ್ಲೋಯರ್‌ನಿಂದ ಧೂಳು ಊದಿದೆವು. ಒಂದೊಂದನ್ನೂ ಕಾಗದದ ಲಕೋಟೆಯಲ್ಲಿ ಹಾಕಿ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿದೆವು. ಕೆಳಗಿನಿಂದ ಬೆಳಕು ಬರುವ ಹಲಗೆಯ ಮೇಲಿಟ್ಟು, ಮೇಲಿನಿಂದ ಕ್ಯಾಮೆರಾದಲ್ಲಿ ನಕಲು ತೆಗೆದೆವು.

ಕತ್ತರಿಸಬೇಕೋ ಬೇಡವೋ

ಮೊದಲ ತಕರಾರು ಬಂದದ್ದು ಇಲ್ಲಿ. ಸ್ಟುಡಿಯೋದವರು ಗಿರಾಕಿಗೆ ಕೊಡುತ್ತಿದ್ದದ್ದು ಪ್ಲೇಟಿನ ನಡುವಿನ ಭಾಗ ಮಾತ್ರ. ಸುತ್ತಲಿನದು ಕತ್ತರಿಗೆ ಹೋಗುತ್ತಿತ್ತು. ನಾವೂ ಹಾಗೇ ಮಾಡೋಣ, ನೋಡಲು ಚೆಂದ ಇರುತ್ತದೆ ಅಂತ ನಮ್ಮಲ್ಲಿ ಅರ್ಧ ಜನ. ನಾನೂ ಮೊದಲು ಆ ಕಡೆಗೇ ಇದ್ದೆ.

ಆದರೆ ಪೂರ್ತಿ ಪ್ಲೇಟು ಪರದೆಯ ಮೇಲೆ ದೊಡ್ಡದಾದಾಗ ಗೊತ್ತಾಯಿತು, ಅದು ಸ್ಟುಡಿಯೋನೇ ಅಲ್ಲ, ಒಂದು ಮನೆಯ ಹಿತ್ತಲು ಅಂತ. ಬೆಳಕಿಗಾಗಿ ಬಯಲಲ್ಲಿ ಪರದೆ ಕಟ್ಟಿದ್ದರು. ಪರದೆಯಲ್ಲಿ ಅರಮನೆಯ ಕಂಬ, ಹೂದೋಟ, ಕಾರಂಜಿ. ಪರದೆ ಮುಗಿದಲ್ಲಿ ಕಲ್ಲುಗೋಡೆ, ಅದಕ್ಕೆ ಒರಗಿಸಿದ ಕಣಕಿ ಸಿವುಡು, ಬೋರಲು ಹಾಕಿದ ಬಾನಿ. ಒಂದು ಪ್ಲೇಟಿನಲ್ಲಿ ಹುಡುಗನೊಬ್ಬ ಎರಡೂ ಕೈಯಲ್ಲಿ ಬಿಳಿ ಪಂಚೆ ಹಿಡಿದು ನಿಂತಿದ್ದಾನೆ. ಕೂತವರ ಮುಖಕ್ಕೆ ಬೆಳಕು ಹೊಡೆಯಲಿ ಅಂತ. ಅವನ ಕಣ್ಣು ಬಿಸಿಲಿಗೆ ಮುಚ್ಚಿಹೋಗಿದೆ.

ಇನ್ನೊಂದು ವಿಷಯ. ಕರೀ ಕೋಟು ಹಾಕಿದ ಗಂಡಸರನ್ನೆಲ್ಲ ನಾವು ‘ಸ್ಥಿತಿವಂತರು’ ಅಂತ ಪಟ್ಟಿ ಮಾಡಿದ್ದೆವು. ಆಮೇಲೆ ಬಲ ತೋಳಿನ ಮೊಣಕೈ ಹತ್ತಿರ ಒಂದು ಹೊಲಿಗೆ ಕಂಡಿತು. ಹನ್ನೊಂದು ಪ್ಲೇಟಿನಲ್ಲಿ ಅದೇ ಹೊಲಿಗೆ, ಅದೇ ಕೋಟು. ಕೆಲವರಿಗೆ ದೊಗಲೆ, ಕೆಲವರಿಗೆ ತೋಳು ಗಿಡ್ಡ. ಅದು ಸ್ಟುಡಿಯೋದ ಕೋಟು. ಕೋಟಿನ ಕೆಳಗೆ ಪಾದ ನೋಡಿದರೆ ಹೆಚ್ಚಿನವರು ಬರಿಗಾಲಲ್ಲಿದ್ದಾರೆ. ಪಾದದ ಮೇಲೆ ಕೆಸರು ಒಣಗಿದೆ. ಹೊಲದಿಂದ ಬಂದವರು ಕೋಟು ಇಸಕೊಂಡು ಕೂತಿದ್ದಾರೆ. ಪ್ರಿಂಟಿನಲ್ಲಿ ಆ ಪಾದ ಬರುತ್ತಿರಲಿಲ್ಲ.

ಅಲ್ಲಿಗೆ ಕತ್ತರಿಯ ಮಾತು ನಿಂತಿತು. ಪ್ಲೇಟಿನ ನಡುವೆ ಇರುವುದು ಆ ಜನ ತೋರಿಸಬೇಕು ಅಂದುಕೊಂಡ ಬದುಕು. ದಿನದಿನದ ಬದುಕು ಅಂಚಿನಲ್ಲಿ ಬಿದ್ದಿದೆ. ಎರಡೂ ನಿಜವೇ. ಎರಡೂ ಬೇಕು ಅಂತ ಪೂರ್ತಿ ಪ್ಲೇಟನ್ನೇ ದೊಡ್ಡದು ಮಾಡಿ ತೋರಿಸಲು ತೀರ್ಮಾನಿಸಿದೆವು.

ಪ್ಲೇಟು 51-17

ನಡುವೆ ಗಂಡ, ಹೆಂಡತಿ, ಕುರ್ಚಿಯ ಮೇಲೆ ನಿಂತ ಕೂಸು. ಗಂಡನದು ಕಾಲರ್ ಇರುವ ಶರ್ಟು. ಹೆಂಡತಿ ತಲೆತುಂಬ ಸೆರಗು. ಕೂಸು ಕ್ಯಾಮೆರಾ ನೋಡುತ್ತಿಲ್ಲ, ಪಕ್ಕಕ್ಕೆ ನೋಡಿ ನಗುತ್ತಿದೆ.

ಯಾಕೆ ನಗುತ್ತಿದೆ ಅಂತ ಅಂಚಿನಲ್ಲಿದೆ. ಪರದೆಯ ಆಚೆ ಒಬ್ಬ ಹೆಂಗಸು ಕುಕ್ಕರುಗಾಲಲ್ಲಿ ಕೂತಿದ್ದಾಳೆ. ಒಂದು ಕೈ ಎತ್ತಿ ಕೂಸಿಗೆ ಏನೋ ಆಡಿಸುತ್ತಿದ್ದಾಳೆ. ಆ ಕೈಯೂ ಮುಖವೂ ಅಲುಗಿಹೋಗಿವೆ. ಲೆನ್ಸಿನ ಮುಚ್ಚಳ ಕೈಯಲ್ಲೇ ತೆಗೆದು ಹಾಕುತ್ತಿದ್ದ ಕಾಲ, ಒಂದು ಸೆಕೆಂಡು ಅಲುಗಿದರೂ ಮುಖ ಹೊಗೆಯಾಗುತ್ತದೆ. ಕೈಯಲ್ಲಿರುವುದು ಗಿಣಿ ಅಂತ ಹೇಳಿದವರು ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳದ ಒಬ್ಬ ಚಿತ್ರಗಾರರು. ಮಂಜಾದ ಚಿತ್ರದಲ್ಲೂ ಅವರು ಬಾಲದ ಬಾಗು ನೋಡಿ ಹೇಳಿದರು. ಹಗುರ ಮರದಲ್ಲಿ ಕೆತ್ತಿ, ಹುಣಸೆಬೀಜದ ಅಂಟು ಬೆರೆಸಿದ ಕಿಟ್ಟ ಅನ್ನುವ ಲೇಪ ಮೆತ್ತಿ, ಬಣ್ಣ ಹಚ್ಚುವ ಗಿಣಿ. ಅವರ ಮನೆಯಲ್ಲಿ ಇವತ್ತಿಗೂ ಮಾಡುತ್ತಾರೆ.

ಅವಳ ಇನ್ನೊಂದು ಕೈ ನೆಲಕ್ಕೆ ಊರಿದೆ. ಅದು ಅಲುಗಿಲ್ಲ. ಐದು ಬೆರಳೂ, ಉಗುರೂ, ಕೈಗೆ ಹತ್ತಿದ ಮಣ್ಣೂ ಕಾಣುತ್ತದೆ. ಕಿರುಬೆರಳು ನಡುಗೆಣ್ಣಿನಲ್ಲಿ ಹೊರಕ್ಕೆ ಸೊಟ್ಟಗಿದೆ.

ಇದರ ಕೆಳಗೆ ನಾವು ಬರೆದ ಚೀಟಿ ಹೀಗಿತ್ತು: ‘ಡ್ಯಾಮ್ ಕಟ್ಟುವ ಕಾಲದ ಒಂದು ಕುಟುಂಬ, 1951. ಪಕ್ಕದಲ್ಲಿ ವಿಧವೆ ಕೆಲಸದಾಕೆ.’

51 ಅಂತ ಪ್ಲೇಟಿನ ಮೇಲೆ ಕೆರೆದಿತ್ತು, ಹಾಗಾಗಿ 1951. ತುಂಗಭದ್ರಾ ಡ್ಯಾಮಿಗೆ ಅಡಿಗಲ್ಲು ಬಿದ್ದದ್ದು 1945ರ ಫೆಬ್ರುವರಿ 28ಕ್ಕೆ, ನೀರು ನಿಂತದ್ದು 1953ರಲ್ಲಿ. ಮುನಿರಾಬಾದ್ ನಮ್ಮ ಜಿಲ್ಲೆಯದೇ. ಲೆಕ್ಕ ಸರಿಹೋಯಿತು ಅನ್ನಿಸಿತು. ಸೀರೆ ಬೆಳ್ಳಗಿತ್ತು, ಹಾಗಾಗಿ ವಿಧವೆ. ಇಷ್ಟೇ ನಮ್ಮ ಆಧಾರ. ಯಾರೂ ಎರಡನೇ ಸಲ ಕೇಳಲಿಲ್ಲ.

‘ನಮ್ಮವ್ವನ ಕೈ ಐತ್ರಿ’

ಶಾಲೆಯ ಹಾಲ್‌ನಲ್ಲಿ ಮೂರು ದಿನ ಫೋಟೋ ಇಟ್ಟೆವು. ಎರಡನೇ ದಿನ ಮಧ್ಯಾಹ್ನ ಒಬ್ಬ ಅಜ್ಜಿ ಮೊಮ್ಮಗಳ ಭುಜ ಹಿಡಿದು ಬಂದರು. ಎಂಬತ್ತೈದು ದಾಟಿದ ವಯಸ್ಸು. ಎಲ್ಲ ಫೋಟೋ ದಾಟಿ ಈ ಫೋಟೋದ ಮುಂದೆ ನಿಂತರು. ನಡುವಿನವರನ್ನು ನೋಡಲೇ ಇಲ್ಲ. ನೆಲಕ್ಕೆ ಊರಿದ ಕೈ ಮೇಲೆ ಬೆರಳಿಟ್ಟು ‘ಇದು ನಮ್ಮವ್ವನ ಕೈ ಐತ್ರಿ’ ಅಂದರು.

ನಮಗೆ ಮೈ ಜುಮ್ಮೆಂದಿತು. ಓಡಿಹೋಗಿ ಕುರ್ಚಿ ತಂದೆವು, ಕೇಳಿದೆವು. ಅವ್ವ ಇಂಥ ಮನೆಯಲ್ಲಿ ಕೂಸು ನೋಡಿಕೊಳ್ಳಲು ಹೋಗುತ್ತಿದ್ದಳು ಅಂದರು. ಬೀಸುವ ಕಲ್ಲಿಗೆ ಸಿಕ್ಕು ಕಿರುಬೆರಳು ಮುರಿದಿತ್ತು, ಸೊಟ್ಟಗೇ ಕೂಡಿಕೊಂಡಿತ್ತು ಅಂದರು. ಆಮೇಲೆ ಮೊಮ್ಮಗಳು ಚೀಟಿ ಓದಿ ಹೇಳಿದಳು. ಅಜ್ಜಿ ಸುಮ್ಮನಾದರು.

‘ಐವತ್ತೊಂದ್ರಾಗ ನಮ್ಮವ್ವ ಎಲ್ಲಿದ್ಲು? ರಜಾಕಾರ್ ಗದ್ಲದ ವರ್ಷಾನ ಹೋದ್ಲು.’

ಅಂದರೆ 1948, ನಿಜಾಮರ ಪರವಾದ ರಜಾಕಾರ್ ಪಡೆಯ ಹಾವಳಿ ನಡೆದ ವರ್ಷ. ಮತ್ತೆ ಫೋಟೋ ನೋಡಿದರು. ಅವರೇ ಇನ್ನೊಂದು ಹೇಳಿದರು: ‘ನಮ್ಮವ್ವಂದು ಎಡಗೈ ಬೆರಳು ಸೊಟ್ಟ. ಇಲ್ಲಿ ಬಲಗೈ ಐತಿ. ನೀಲಿ ಸೀರಿ ಬಿಟ್ರ ಬ್ಯಾರೆ ಉಟ್ಟಾಕಿನ ಅಲ್ಲ, ಗಂಡ ಇರೂ ಮುಂದ ಹೋದಾಕಿ. ಇಕಿ ಯಾರೋ ರಂಡ್ಮುಂಡಿ. ನಮ್ಮವ್ವ ಅಲ್ರಿ.’

ಎದ್ದು ಹೋದರು. ನಾವು ತಡೆಯಲಿಲ್ಲ. ಪಾಪ, ವಯಸ್ಸಾಗಿದೆ, ನೆನಪು ಕಲೆತಿದೆ ಅಂತ ನಮ್ಮೊಳಗೆ ಮಾತಾಡಿಕೊಂಡೆವು. ದಾಖಲೆ ಪುಸ್ತಕದಲ್ಲಿ ‘ಒಬ್ಬರು ಗುರುತಿಸಿದರು, ಹೊಂದಲಿಲ್ಲ’ ಅಂತ ಬರೆದು ಮುಂದಕ್ಕೆ ಹೋದೆವು. ಈ ಇಡೀ ಪ್ರಕರಣದಲ್ಲಿ ನನಗೆ ಇವತ್ತಿಗೂ ನೋವು ಕೊಡುವ ಸಾಲು ಅದು. ಅವರು ನಮ್ಮ ಮುಂದೆ ಇಟ್ಟದ್ದು ಮೂರು ಪಕ್ಕಾ ವಿವರ. ನಾವು ಇಟ್ಟದ್ದು ಎರಡು ಊಹೆ. ಅಚ್ಚಾಗಿತ್ತು ಅನ್ನುವ ಒಂದೇ ಕಾರಣಕ್ಕೆ ನಮ್ಮ ಊಹೆ ಗೆದ್ದಿತು.

ತಪ್ಪು ಒಂದೊಂದಾಗಿ ಬಿಚ್ಚಿಕೊಂಡದ್ದು

ಟ್ರಂಕಿನ ತಳದಲ್ಲಿ ಒಂದು ಲೆಕ್ಕದ ವಹಿ ಇತ್ತು. ಉರ್ದುವಿನಲ್ಲಿತ್ತು, ನಮ್ಮಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ, ಬದಿಗಿಟ್ಟಿದ್ದೆವು. ಸಂಸ್ಥಾನದ ಕಾಲದಲ್ಲಿ ಉರ್ದು ಶಾಲೆಗೆ ಹೋದ ಹಿರಿಯರೊಬ್ಬರು, ನಿವೃತ್ತ ಮೇಷ್ಟ್ರು, ತೊಂಬತ್ತರ ಹತ್ತಿರದವರು, ‘ತರ್ರಿ ನೋಡೂನು’ ಅಂದರು. ಮೊದಲ ಹಾಳೆ ತೆಗೆದವರೇ ನಕ್ಕರು. ‘ಇದು ಇಸವಿ ಅಲ್ಲ, ಫಸಲಿ.’

ಹೈದರಾಬಾದ್ ಸಂಸ್ಥಾನದ ಸರಕಾರಿ ಲೆಕ್ಕವೆಲ್ಲ ಫಸಲಿ ವರ್ಷದಲ್ಲಿ ನಡೆಯುತ್ತಿತ್ತು. ಅಕ್ಟೋಬರ್‌ನಲ್ಲಿ ಆಜೂರ್ ತಿಂಗಳಿಂದ ವರ್ಷ ಶುರು. ಫಸಲಿಗೆ 590 ಕೂಡಿಸಿದರೆ ವರ್ಷ ಶುರುವಾಗುವ ಇಸವಿ ಸಿಗುತ್ತದೆ. ವಹಿಯ ಮೇಲೆ ಇದ್ದದ್ದು 1351. ಅಂದರೆ 1941ರ ಅಕ್ಟೋಬರ್‌ನಿಂದ 1942ರ ಅಕ್ಟೋಬರ್. ಹದಿನೇಳನೇ ನಂಬರಿನ ಮುಂದೆ ಖುರ್ದಾದ್ ತಿಂಗಳು, ಹಾಫ್ ಪ್ಲೇಟು, ಮೂರು ಪ್ರತಿ, ಹಾಲಿ ಸಿಕ್ಕಾ, ಅಂದರೆ ಸಂಸ್ಥಾನದ ಸ್ವಂತ ರೂಪಾಯಿಯಲ್ಲಿ ಜಮಾ. ಖುರ್ದಾದ್ ಅಂದರೆ ಏಪ್ರಿಲ್ ಸುಮಾರು. 1942ರ ಬೇಸಿಗೆ. ಡ್ಯಾಮಿನ ಅಡಿಗಲ್ಲಿಗೆ ಇನ್ನೂ ಮೂರು ವರ್ಷ ಇತ್ತು. ಅಜ್ಜಿಯ ಅವ್ವ ಆಗ ಬದುಕಿದ್ದಳು.

ವಹಿಯಲ್ಲಿ ಮನೆತನದ ಹೆಸರೂ ಇತ್ತು. ಅಜ್ಜಿ ಹೇಳಿದ್ದ ಅದೇ ಮನೆ.

ಆ ಮನೆಗೆ ಹೋದೆವು. ಪಡಸಾಲೆಯ ಗೋಡೆ ಮೇಲೆ ಅದೇ ಫೋಟೋ ತೂಗುಹಾಕಿದ್ದರು, ಅಂಡಾಕಾರಕ್ಕೆ ಕತ್ತರಿಸಿದ ಪ್ರಿಂಟು. ನೋಡುತ್ತ ನಿಂತಾಗ ಏನೋ ಸರಿಯಿಲ್ಲ ಅನ್ನಿಸಿತು. ನಮ್ಮದರಲ್ಲಿ ಕೂಸು ಅಪ್ಪನ ಈ ಕಡೆ, ಇಲ್ಲಿ ಆ ಕಡೆ. ಜೊತೆಗಿದ್ದ ಹುಡುಗಿ ಮೊಬೈಲ್ ತೆಗೆದು ನಮ್ಮ ನಕಲು ತೋರಿಸಿದಳು. ಶರ್ಟಿನ ಜೇಬು! ಗಂಡಸಿನ ಶರ್ಟಿನ ಜೇಬು ಎಡ ಎದೆಯ ಮೇಲೆ ಇರುತ್ತದೆ ಅಲ್ವಾ? ನಮ್ಮ ಚಿತ್ರದಲ್ಲಿ ಬಲಗಡೆ ಇತ್ತು. ಮೂರು ತಿಂಗಳು ದಿನಾ ನೋಡಿದ ಚಿತ್ರ. ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಹೇಗಾಯಿತು ಅಂತ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಇಂಥ ಕೆಲಸ ಮಾಡುವ ಎಲ್ಲರಿಗೂ ಇದು ಆಗಬಹುದು. ಗಾಜಿನ ಪ್ಲೇಟಿನ ಒಂದು ಮೈ ಹೊಳೆಯುತ್ತದೆ, ಅದು ಬರೀ ಗಾಜು. ಇನ್ನೊಂದು ಮೈ ಮಂಕಾಗಿರುತ್ತದೆ, ಚಿತ್ರ ಇರುವುದು ಅಲ್ಲಿ. ಫೋಟೋ ತೆಗೆಯುವಾಗ ಮಂಕು ಮೈ ಲೆನ್ಸಿನ ಕಡೆ ಇರುತ್ತದೆ. ಹಾಗಾಗಿ ಹೊಳೆಯುವ ಕಡೆಯಿಂದ ನೋಡಿದರೆ ಎಡಬಲ ಸರಿ, ಮಂಕು ಕಡೆಯಿಂದ ನೋಡಿದರೆ ಕನ್ನಡಿಯ ಹಾಗೆ ತಿರುಗುಮುರುಗು. ನಮ್ಮ ಒಂದು ಬ್ಯಾಚಿನ ಪ್ಲೇಟುಗಳಲ್ಲಿ ಹೊಳೆಯುವ ಮೈಗೆ ಗೀರು ಜಾಸ್ತಿ ಇದ್ದವು. ಚಿತ್ರ ಸ್ಪಷ್ಟ ಬರಲಿ ಅಂತ ಮಂಕು ಮೈ ಮೇಲೆ ಮಾಡಿ ತೆಗೆದೆವು. ಆಮೇಲೆ ಕಂಪ್ಯೂಟರ್‌ನಲ್ಲಿ ಎಡಬಲ ತಿರುಗಿಸಬೇಕಿತ್ತು. ಮರೆತೆವು. ಅನುಮಾನವೂ ಬರಲಿಲ್ಲ, ಯಾಕಂದರೆ 51-17 ಅನ್ನುವ ಅಂಕಿ ನೆಟ್ಟಗೆ ಓದಲು ಬರುತ್ತಿತ್ತು. ಅದನ್ನು ಫೋಟೋಗ್ರಾಫರ್ ತನಗೆ ಗುರುತಿರಲಿ ಅಂತ ಮಂಕು ಮೈ ಮೇಲೇ ಕೆರೆದಿದ್ದ. ಅಂಕಿ ನೆಟ್ಟಗಿದ್ದದ್ದೇ ಚಿತ್ರ ತಿರುಗಿದೆ ಅನ್ನುವುದಕ್ಕೆ ಸಾಕ್ಷಿಯಾಗಿತ್ತು.

ತಿರುಗಿಸಿದೆವು. ನೆಲಕ್ಕೆ ಊರಿದ ಕೈ ಎಡಗೈ ಆಯಿತು.

ಸೀರೆಯ ವಿಷಯ ಕೊನೆಗೆ ತಿಳಿಯಿತು. ಆ ಕಾಲದ ಸಾಮಾನ್ಯ ಪ್ಲೇಟುಗಳಿಗೆ ಕೆಂಪು ಬಣ್ಣ ಕಾಣುವುದಿಲ್ಲ, ನೀಲಿ ಜಾಸ್ತಿ ಕಾಣುತ್ತದೆ. ಅದಕ್ಕೇ ಡಾರ್ಕ್‌ರೂಮಿನಲ್ಲಿ ಕೆಂಪು ದೀಪ ಹಚ್ಚಬಹುದಿತ್ತು. ಪ್ರಿಂಟಿನಲ್ಲಿ ಕುಂಕುಮ ಕರೀ ಬೊಟ್ಟಾಗುತ್ತದೆ, ತಿಳಿನೀಲಿ ಸೀರೆ ಬೆಳ್ಳಗೆ ಬರುತ್ತದೆ. ಇದು ನಮಗೆ ಪುಸ್ತಕದಿಂದ ಗೊತ್ತಿತ್ತು, ಈ ಚಿತ್ರಕ್ಕೆ ಹಚ್ಚಿ ನೋಡಿರಲಿಲ್ಲ. ಮುಖ ಅಲುಗಿದ್ದರಿಂದ ಹಣೆಯ ಬೊಟ್ಟು ಕಾಣುತ್ತಿರಲಿಲ್ಲ. ಆದರೆ ನೆಲಕ್ಕೆ ಊರಿದ ಕೈಯಲ್ಲಿ ಗಾಜಿನ ಬಳೆ ಇದ್ದವು. ಒಂದಲ್ಲ, ಮೊಣಕೈವರೆಗೆ ಅರ್ಧ ತುಂಬುವಷ್ಟು. ಬಳೆ ಕಣ್ಣೆದುರಿಗೇ ಇದ್ದರೂ ನಾವು ವಿಧವೆ ಅಂತ ಬರೆದೆವು. ಅದನ್ನು ಮಗಳಿಗೆ ಓದಿ ಹೇಳಿಸಿದೆವು.

ಅಂಚು ಯಾರದು

ಆ ಮನೆಯ ಹಿರಿಯರಿಗೆ ಪೂರ್ತಿ ಚಿತ್ರ ತೋರಿಸಿದಾಗ ಅವರಿಗೆ ಇಷ್ಟವಾಗಲಿಲ್ಲ. ‘ನಮ್ಮಜ್ಜ ರೊಕ್ಕ ಕೊಟ್ಟು ತೆಗೆಸಿದ್ದು ಮನೆಯವರ ಫೋಟೋ. ಹಿತ್ತಲಾ, ಬಾನಿ, ಆಳುಮಂದಿ ಇದ್ರಾಗ ಯಾಕ? ಅಂಚು ತೆಗೆದು ಹಾಕ್ರಿ’ ಅಂದರು. ಸಿಟ್ಟಿನಿಂದ ಅಲ್ಲ, ಸಂಕೋಚದಿಂದ. ಅವರ ಮಾತಿನಲ್ಲೂ ಹುರುಳಿದೆ. ಅವರ ಅಜ್ಜ ಯಾವ ಚಿತ್ರಕ್ಕೆ ಮೈ ಒಡ್ಡಿ ಕೂತಿದ್ದರೋ ಅದು ಗೋಡೆಯ ಮೇಲಿನ ಅಂಡಾಕಾರದ ಪ್ರಿಂಟು. ಉಳಿದದ್ದಕ್ಕೆ ಅವರು ಒಪ್ಪಿಗೆ ಕೊಟ್ಟಿರಲಿಲ್ಲ. ಹಾಗೆ ನೋಡಿದರೆ ಅಂಚಿನಲ್ಲಿ ಕೂತವಳನ್ನೂ ಯಾರೂ ಕೇಳಿರಲಿಲ್ಲ.

ನಮ್ಮಲ್ಲಿ ಇದರ ಮೇಲೆ ಎರಡು ವಾರ ಮಾತು ನಡೆಯಿತು. ಕೊನೆಗೆ ಮಾಡಿದ್ದು ಇಷ್ಟು. ಅವರ ಮನೆಯ ಪ್ರಿಂಟಿನ ಪ್ರತಿಯನ್ನೂ ಪೂರ್ತಿ ಪ್ಲೇಟನ್ನೂ ಒಂದರ ಪಕ್ಕ ಒಂದು, ಒಂದೇ ಎತ್ತರದಲ್ಲಿ ತೂಗುಹಾಕುವುದು. ಇಬ್ಬರ ಮನೆಯ ಹೆಸರೂ ಬರೆಯದಿರುವುದು. ಹಿರಿಯರು ಹೆಸರಿಲ್ಲದಿದ್ದರೆ ಆಗಬಹುದು ಅಂದರು. ಮನಸ್ಸು ಪೂರ್ತಿ ಒಪ್ಪಿತ್ತು ಅಂತ ನಾನು ಹೇಳಲಾರೆ. ಪ್ರದರ್ಶನಕ್ಕೆ ಅವರು ಬರಲಿಲ್ಲ. ಅವರ ಮಗಳು ಮಾತ್ರ ಬಂದಳು, ಬಹಳ ಹೊತ್ತು ಅಂಚಿನ ಹತ್ತಿರವೇ ನಿಂತಿದ್ದಳು.

ಒಳಗಿನ ಕೆಲಸವೂ ಬದಲಾಯಿತು. ಆ ಬ್ಯಾಚಿನ ಅಷ್ಟೂ ಪ್ಲೇಟನ್ನು ಮತ್ತೆ ತೆಗೆದು ಜೇಬು, ಗಡಿಯಾರ, ಅಂಗಡಿ ಬೋರ್ಡಿನ ಅಕ್ಷರ ನೋಡಿ ಎಡಬಲ ಸರಿಮಾಡಿದೆವು. ‘51’ ಅಂತಿದ್ದರೆ ಈಗ ಪಟ್ಟಿಯಲ್ಲಿ ‘51’ ಅಂತಲೇ ಬರೆಯುತ್ತೇವೆ, ನಮ್ಮ ಊಹೆಗೆ ಬೇರೆ ಕಾಲಂ. ಬೆಳ್ಳಗಿನ ಸೀರೆ ಕಂಡರೆ ‘ತಿಳಿ ಬಣ್ಣ’ ಅಂತ ಮಾತ್ರ. ಯಾರಾದರೂ ಗುರುತಿಸಿ ಅದು ನಮ್ಮ ಪಟ್ಟಿಗೆ ಹೊಂದದಿದ್ದರೆ ಮೊದಲು ಪ್ಲೇಟನ್ನೇ ಹೊರಗೆ ತೆಗೆಯುತ್ತೇವೆ, ಮೂಲ ನೋಡುತ್ತೇವೆ, ಅವರನ್ನು ಮತ್ತೆ ಕರೆಯುತ್ತೇವೆ. ಗಡಿ ಸೀಮೆಯ ಸಂಗ್ರಹ ಇರುವವರಿಗೆ ಒಂದು ಮಾತು: ಬಳ್ಳಾರಿ ಕಡೆಯ ಪ್ಲೇಟಿಗೂ ಕೊಪ್ಪಳ, ರಾಯಚೂರಿನ ಪ್ಲೇಟಿಗೂ ಒಂದೇ ಅಳತೆಗೋಲು ಹಚ್ಚಬೇಡಿ. ನಡುವೆ ಹರಿಯುವುದು ಒಂದೇ ಹೊಳೆ, ಆದರೆ ಈ ದಂಡೆಯಲ್ಲಿ ಸರಕಾರ, ಭಾಷೆ, ರೂಪಾಯಿ, ವರ್ಷ ಎಲ್ಲವೂ ಬೇರೆ ಇದ್ದವು. ನಿಮ್ಮ ಊರಿನಲ್ಲಿ ಉರ್ದು ಓದಬಲ್ಲ ಹಿರಿಯರಿದ್ದರೆ ಈ ವಾರವೇ ಹೋಗಿ ಭೇಟಿ ಮಾಡಿ.

ಚೀಟಿ

ಅಜ್ಜಿಯ ಮನೆಗೆ ನಾವೇ ಹೋದೆವು. ತಪ್ಪು ನಮ್ಮದು ಅಂತ ಮೊದಲು ಹೇಳಿದೆವು, ಆಮೇಲೆ ತಿರುಗಿಸಿದ ಚಿತ್ರ ಕೊಟ್ಟೆವು. ಅವರು ಹಾಸಿಗೆಯ ಮೇಲೆ ಇಟ್ಟುಕೊಂಡು, ತಮ್ಮ ಎಡಗೈಯನ್ನು ಅದರ ಪಕ್ಕ ಅದೇ ಥರ ಊರಿ ನೋಡಿದರು. ಏನೂ ಮಾತಾಡಲಿಲ್ಲ. ಮನೆಯಲ್ಲಿ ಅವ್ವನದು ಬೇರೆ ಫೋಟೋ ಇಲ್ಲ ಅಂತ ಮೊಮ್ಮಗಳು ಹೇಳಿದಳು.

ಗೋಡೆಗೆ ಹಾಕಲು ಮುಖ ದೊಡ್ಡದು ಮಾಡಿ ಕೊಡಲೇ ಅಂತ ಕೇಳಿದೆ, ಆದರೆ ಮಂಜು ಮಂಜಾಗಿ ಬರುತ್ತದೆ ಅಂದೆ. ‘ಮುಖ ನನಗ ನೆನಪೈತಿ. ಕೈ ದೊಡ್ಡದು ಮಾಡಿ ಕೊಡ್ರಿ’ ಅಂದರು.

ಹೊಸ ಚೀಟಿಯಲ್ಲಿ ಏನು ಬರೆಯೋಣ ಅಂತಲೂ ಅವರನ್ನೇ ಕೇಳಿದೆವು. ‘ಕೆಲಸದಾಕಿ ಅಂತ ಬರೀಬ್ಯಾಡ್ರಿ. ಕೂಸಿಗೆ ಗಿಣಿ ತೋರಸ್ತಾಳ ಅಂತ ಬರೀರಿ.’

ಈಗ ಪ್ಲೇಟಿನ ಕೆಳಗೆ ಇರುವುದು ಇದು: ‘51-17. ಫಸಲಿ 1351, ಖುರ್ದಾದ್. ಗಂಡ, ಹೆಂಡತಿ, ಕೂಸು. ಎಡ ಅಂಚಿನಲ್ಲಿ ಕೂಸಿಗೆ ಗಿಣಿ ತೋರಿಸುತ್ತಿರುವವರು. ಎಡಗೈ ನೋಡಿ ಅವರ ಮಗಳು ಗುರುತಿಸಿದ್ದಾರೆ.’